ಇಡ್ಲಿ ಸ್ಟ್ಯಾಂಡಿಗೆ ಗ್ರಹಣ

ಒಂದು ಮನೆಯ ಒಲೆಯ ಶಾಖ ಇನ್ನೊಂದು ಮನೆಯ ಬಚ್ಚಲಿಗೆ ಹೋಗುವಂತಿದ್ದರೆ ಹೇಗೆ ಎಂದು ಮೊದಲು ಕೇಳಿದವನು ನಾನಲ್ಲ. ಕೇಳಿದವರು ಆರ್ಕಿಟೆಕ್ಟ್ ದೇಚಮ್ಮ ಮೇಡಂ. ಆ ಪ್ರಶ್ನೆಗೆ ಪೈಪು ಎಳೆದು, ವಾಲ್ವು ಕೂರಿಸಿ, ಲೆಕ್ಕದ ಹಾಳೆಯ ಕೆಳಗೆ ಸಹಿ ಹಾಕಿದವನು ನಾನು. ಹಾಗಾಗಿ ಮುಂದೆ ನಡೆದದ್ದರಲ್ಲಿ ಯಾರ ತಪ್ಪು ಎಷ್ಟು ಎಂದು ಹೇಳುವಾಗ ನನ್ನ ಪಾಲನ್ನು ಕಡಿಮೆ ಮಾಡಿ ಹೇಳಬಾರದು ಎಂದುಕೊಂಡಿದ್ದೇನೆ.

ಕಟ್ಟಡ ಬೆಂಗಳೂರಿನ ಪಶ್ಚಿಮಕ್ಕಿದೆ. ನಡುವೆ ಒಂದು ದಪ್ಪ ಕಂಬ, ಅದರ ಸುತ್ತ ಒಂದರ ಮೇಲೊಂದು ಇಪ್ಪತ್ತನಾಲ್ಕು ದುಂಡನೆಯ ಮಹಡಿಗಳು, ಮಹಡಿಗೆ ಒಂಬತ್ತು ಮನೆ. ಮೇಡಂ ಇದಕ್ಕೆ 'ಸಹಸ್ರಪತ್ರ' ಎಂದು ಹೆಸರಿಟ್ಟರು. ಆಟೋದವರು ಮೊದಲ ವಾರದಲ್ಲೇ 'ಇಡ್ಲಿ ಸ್ಟ್ಯಾಂಡ್' ಎಂದರು. ಈಗ ನಮಗೆ ಬರುವ ಮದುವೆಯ ಕರೆಯೋಲೆಗಳ ಮೇಲೂ ಅದೇ ವಿಳಾಸವಿರುತ್ತದೆ.

ಕಂಬದೊಳಗೆ ತುಂಬಿರುವ ವಸ್ತುವಿಗೆ ಉದ್ದನೆಯ ರಾಸಾಯನಿಕ ಹೆಸರಿದೆ. ನಾವು ಉಪ್ಪುಮೇಣ ಅನ್ನುತ್ತೇವೆ. ಶಾಖ ಕೊಟ್ಟರೆ ಕರಗುತ್ತದೆ, ಶಾಖ ತೆಗೆದರೆ ಗಟ್ಟಿಯಾಗುತ್ತದೆ. ಅಡುಗೆಮನೆಯ ಚಿಮಣಿ ಎಳೆದುಕೊಂಡ ಹಬೆಯ ಬಿಸಿ, ಫ್ರಿಜ್ಜಿನ ಬೆನ್ನಿನ ಬಿಸಿ ಎಲ್ಲವೂ ಪೈಪಿನಲ್ಲಿ ಹರಿದು ಬಂದು ಈ ಮೇಣವನ್ನು ಕರಗಿಸುತ್ತವೆ. ಯಾರಾದರೂ ಬಿಸಿನೀರಿನ ನಲ್ಲಿ ತಿರುಗಿಸಿದರೆ ಮೇಣ ತನ್ನ ಶಾಖವನ್ನು ನೀರಿಗೆ ಕೊಟ್ಟು, ಕೊಟ್ಟಷ್ಟು ಗಟ್ಟಿಯಾಗುತ್ತದೆ. ಒಲೆಗಳೆಲ್ಲ ಕರೆಂಟಿನವು, ಆದರೆ ಯಾರ ಮನೆಯಲ್ಲೂ ಗೀಸರಿಲ್ಲ. ಗೀಸರಿಲ್ಲದ ಕಾರಣ ಕಟ್ಟಡಕ್ಕೆ ಮಂಜೂರಾದ ಕರೆಂಟೂ ಕಡಿಮೆ. ಅದನ್ನು ನಾವು ದೊಡ್ಡ ಹೆಮ್ಮೆಯಾಗಿ ಹೇಳಿಕೊಳ್ಳುತ್ತಿದ್ದೆವು.

ಒಂದೇ ಒಂದು ಷರತ್ತು. ನೀರು ಮಂಜುಗಡ್ಡೆಯಾಗುವಾಗ ಹಿಗ್ಗುವಂತೆ ಈ ಮೇಣವೂ ಗಟ್ಟಿಯಾಗುವಾಗ ಹಿಗ್ಗುತ್ತದೆ. ನೂರರಲ್ಲಿ ಇಪ್ಪತ್ತು ಪಾಲಾದರೂ ಕರಗಿದ ಸ್ಥಿತಿಯಲ್ಲಿ ಉಳಿಯಲೇಬೇಕು. ಅದಕ್ಕಿಂತ ಕಡಿಮೆಯಾದರೆ ಹಿಗ್ಗಿದ ಮೇಣ ಒಳಗಿನ ಸಣ್ಣ ಪೈಪುಗಳನ್ನೆಲ್ಲ ಹಿಸುಕಿಬಿಡುತ್ತದೆ. ಆಮೇಲೆ ಕಂಬವನ್ನು ಸೀಳಿ ಹೊಸದಾಗಿ ತುಂಬಬೇಕು. ಇನ್ನೂರ ಹದಿನಾರು ಮನೆಯವರು ಆರು ತಿಂಗಳು ಬೇರೆಲ್ಲಾದರೂ ಇರಬೇಕು.

ಜನ ಇದಕ್ಕೆ ನಾವು ಎಣಿಸಿದ್ದಕ್ಕಿಂತ ಬೇಗ ಹೊಂದಿಕೊಂಡರು. "ನಿಮ್ಮನೆ ಹೋಳಿಗೆಯಿಂದ ನಮ್ಮ ಪಾಪುಗೆ ಸ್ನಾನ ಆಯ್ತು" ಎಂದು ಲಿಫ್ಟಿನಲ್ಲಿ ಉಪಚಾರದ ಮಾತು ಹೇಳುವುದು ರೂಢಿಯಾಯಿತು. ಅತಿ ಹೆಚ್ಚು ಶಾಖ ಕೊಟ್ಟ ಮನೆಯ ಹೆಸರನ್ನು ತಿಂಗಳಿಗೊಮ್ಮೆ ನೋಟೀಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಸಾಮಾನ್ಯವಾಗಿ ಅದು ಹನ್ನೊಂದನೇ ಮಹಡಿಯಲ್ಲಿ ದಿನವಿಡೀ ಕೇಕ್ ಬೇಯಿಸುವ ಲಿಲ್ಲಿಬಾಯಿಯವರದೇ. ಆರನೇ ಮಹಡಿಗೆ ಬಂದ ಹೊಸ ದಂಪತಿ ಮೂರು ಹೊತ್ತೂ ಹೊರಗಿನಿಂದ ತರಿಸಿ ತಿನ್ನುತ್ತಿದ್ದರು. ಅವರನ್ನು 'ಬಿಟ್ಟಿ ಸ್ನಾನದವರು' ಎಂದು ಕರೆಯಲು ಶುರುವಾದ ಮೇಲೆ, ಪಾಪ, ಮರ್ಯಾದೆಗಾಗಿ ದಿನಾ ಸಂಜೆ ಒಂದು ಪಾತ್ರೆ ಹಾಲು ಉಕ್ಕಿಸುತ್ತಿದ್ದರು.

ಇನ್ನು ನನ್ನ ಸಹಿಯ ವಿಷಯ. ಇಂಥ ಕಟ್ಟಡಗಳ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಎಷ್ಟು ಮನೆಯವರು ಒಂದೇ ಗಳಿಗೆಯಲ್ಲಿ ನಲ್ಲಿ ತಿರುಗಿಸುತ್ತಾರೆ ಎಂಬ ಅಂಕಿ. ಪುಸ್ತಕದ ಕೋಷ್ಟಕದಲ್ಲಿ ನೂರಕ್ಕೆ ಮೂವತ್ತೈದು ಎಂದಿದೆ. ನಾನು ಹಗಲು ವೈರಿಂಗ್ ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಏಳು ವರ್ಷ ಓದಿ ಎಂಜಿನಿಯರ್ ಆದವನು. ಹಗಲು ಓದಿದವರಿಗೆ ಹೇಳಿಕೊಟ್ಟ ಯಾವುದೋ ಒಂದು ಪಾಠ ನನಗೆ ತಪ್ಪಿಹೋಗಿದೆ ಎಂಬ ಅಳುಕು ನನಗೆ ಯಾವಾಗಲೂ ಇದೆ. ಆದ್ದರಿಂದ ಕೋಷ್ಟಕವೊಂದನ್ನೇ ನಂಬದೆ, ಹಳೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಮೀಟರ್ ಕೂರಿಸಿ ಇಡೀ ಒಂದು ವರ್ಷ ಅಳೆದೆ. ಯುಗಾದಿಯ ಎಣ್ಣೆಸ್ನಾನ, ನರಕ ಚತುರ್ದಶಿ ಎಲ್ಲ ಸೇರಿ ಅತಿ ಹೆಚ್ಚೆಂದರೆ ನಲವತ್ತೊಂದು ಬಂತು. ಹಬ್ಬದ ದಿನ ಒಬ್ಬರು ನಾಲ್ಕಕ್ಕೆ ಏಳುತ್ತಾರೆ, ಇನ್ನೊಬ್ಬರು ಹತ್ತಕ್ಕೆ ಏಳುತ್ತಾರೆ. ನಾನು ಇನ್ನಷ್ಟು ಜಾಗ್ರತೆಯಿಂದ ನಲವತ್ತೈದು ಎಂದು ಬರೆದೆ.

ಕಟ್ಟಿದವರೇ ಅಲ್ಲಿ ವಾಸವಿದ್ದರೆ ಕೊಳ್ಳುವವರಿಗೆ ಧೈರ್ಯ ಬರುತ್ತದೆಂದು ಕಂಪನಿಯವರು ನನಗೆ ಹದಿನಾಲ್ಕನೇ ಮಹಡಿಯಲ್ಲಿ ಒಂದು ಮನೆ ಕೊಟ್ಟಿದ್ದರು. ಹೆಂಡತಿ ವನಜಾಕ್ಷಿ, ಅವಳ ತಾಯಿ ಸಣ್ಣಮ್ಮ ಮತ್ತು ನಾನು ಅಲ್ಲಿದ್ದೆವು. ಹದಿನಾಲ್ಕು ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು. ಹದಿನೈದನೇ ತಿಂಗಳ ಒಂದು ಸೋಮವಾರ ಸಂಜೆ ಅತ್ತೆ ಊಟದ ಮೇಜಿನ ಮೇಲೆ ಒಂದು ಕಟ್ಟು ದರ್ಭೆ ಹರಡಿಕೊಂಡು ಕೂತಿದ್ದರು.

"ಅಳಿಯಂದ್ರೇ, ಶುಕ್ರವಾರ ಆಫೀಸಿಗೆ ರಜ ಹೇಳಿಬಿಡಿ. ಸೂರ್ಯಗ್ರಹಣ. ಹತ್ತು ಐವತ್ತಕ್ಕೆ ಹಿಡಿಯುತ್ತೆ, ಒಂದು ಐವತ್ತೈದಕ್ಕೆ ಬಿಡುತ್ತೆ."

"ಸರಿ ಅತ್ತೆ."

"ಗುರುವಾರ ರಾತ್ರಿ ಒಂಬತ್ತಕ್ಕೆಲ್ಲ ಊಟ ಮುಗೀಬೇಕು. ಆಮೇಲೆ ಒಲೆ ಹಚ್ಚೋಹಾಗಿಲ್ಲ. ಬಿಟ್ಟ ತಕ್ಷಣ ತಲೆಗೆ ಸ್ನಾನ, ಆಮೇಲೆ ಅಡುಗೆ."

"ಸರಿ" ಎಂದು ಕಾಫಿ ಎತ್ತಿಕೊಂಡವನು ಹಾಗೇ ಕೆಳಗಿಟ್ಟೆ.

"ಯಾಕ್ರೀ, ಸಕ್ಕರೆ ಕಮ್ಮಿ ಆಯ್ತಾ?" ಎಂದಳು ವನಜಾಕ್ಷಿ.

"ಬಿಟ್ಟ ತಕ್ಷಣ ಎಲ್ಲರೂ ಸ್ನಾನ ಮಾಡ್ತಾರಾ?"

"ನಿಮ್ಮಮ್ಮ ಏನು ಮಾಡಿಸ್ತಿದ್ರು?"

ನಮ್ಮಮ್ಮ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ಸ್ನಾನ ಮಾಡಿಸುತ್ತಿದ್ದರು. ಹುಟ್ಟಿದಾಗಿನಿಂದ ನಾನು ಒಂದು ಗ್ರಹಣದ ಸ್ನಾನವನ್ನೂ ತಪ್ಪಿಸಿದವನಲ್ಲ. ಮನೆಯಲ್ಲಿ ಗೊತ್ತಿದ್ದ ಈ ವಿಷಯ ಆಫೀಸಿನಲ್ಲಿ ಕೂತಾಗ ನನಗೆ ಗೊತ್ತೇ ಇರಲಿಲ್ಲ. ನಾನು ಮೀಟರ್ ಕೂರಿಸಿ ಅಳೆದ ಆ ವರ್ಷ ನಮ್ಮೂರಿಗೆ ಕಾಣುವ ಗ್ರಹಣ ಒಂದೂ ಬಂದಿರಲಿಲ್ಲ.

"ಎಲ್ಲಿಗ್ರೀ?" ಎಂದು ವನಜಾಕ್ಷಿ ಕೇಳುವಷ್ಟರಲ್ಲಿ ನಾನು ಲಿಫ್ಟಿನ ಬಳಿ ಇದ್ದೆ. ಒಂದು ಕಾಲಿನಲ್ಲಿ ಅವಳ ಚಪ್ಪಲಿ ಇತ್ತಂತೆ.

ಕಂಟ್ರೋಲ್ ರೂಮು ಬೇಸ್‌ಮೆಂಟಿನಲ್ಲಿದೆ. ಅದನ್ನು ನೋಡಿಕೊಳ್ಳುವ ಇಮ್ತಿಯಾಜ್ ಹತ್ತು ವರ್ಷ ಬಾಯ್ಲರ್ ಕೆಲಸ ಮಾಡಿದ ಮನುಷ್ಯ. ಯಾವುದಕ್ಕೂ ಗಾಬರಿ ಬೀಳುವುದಿಲ್ಲ. ಎದುರಿನ ಬೋರ್ಡಿನಲ್ಲಿ ಕರಗಿದ ಮೇಣದ ಅಂಕಿ ದೊಡ್ಡದಾಗಿ ಕಾಣುತ್ತಿತ್ತು: ೮೧. ನಾನು ಅವನ ಲೆಡ್ಜರಿನ ಹಿಂದಿನ ಹಾಳೆಯಲ್ಲೇ ಲೆಕ್ಕ ಹಾಕಿದೆ. ಗುರುವಾರ ರಾತ್ರಿಯಿಂದ ಹದಿನೇಳು ಗಂಟೆ ಯಾರೂ ಒಲೆ ಹಚ್ಚುವುದಿಲ್ಲ. ಕಂಬ ತನ್ನಷ್ಟಕ್ಕೇ ತಣಿಯುತ್ತ ಗ್ರಹಣ ಬಿಡುವ ಹೊತ್ತಿಗೆ ಐವತ್ತಕ್ಕೆ ಬಂದಿರುತ್ತದೆ. ಆಗ ಇನ್ನೂರ ಹದಿನಾರು ಮನೆಯವರು ಒಟ್ಟಿಗೆ ಸ್ನಾನ ಮಾಡಿದರೆ ನಲವತ್ತೆಂಟು ಖರ್ಚು.

"ಎರಡು ಉಳಿಯುತ್ತೆ ಸಾರ್" ಎಂದ ಇಮ್ತಿಯಾಜ್.

"ಇಪ್ಪತ್ತು ಉಳೀಬೇಕು."

"ಹೌದು ಸಾರ್. ಹಾಗಾದ್ರೆ ಕಂಬ ಹೋಯ್ತು."

ಅವನು ಅದನ್ನು ಹಾಲು ಒಡೆದುಹೋಯಿತು ಎನ್ನುವ ಧಾಟಿಯಲ್ಲಿ ಹೇಳಿದ. "ಬಿಸಿನೀರಿನ ವಾಲ್ವು ಮುಚ್ಚಿಬಿಟ್ರೆ?" ಎಂದೆ.

"ಮುಚ್ಚಿದ್ರೆ ಎಲ್ಲರೂ ಅಟ್ಟದ ಮೇಲಿಂದ ಕಾಯಿಲ್ ಇಳಿಸ್ತಾರೆ ಸಾರ್. ಎಲ್ಲಾ ಕಾಯಿಲ್ ಒಂದೇ ಸಲ ಹಾಕಿದ್ರೆ ಮೇನ್ ಟ್ರಿಪ್. ಮೇನ್ ಹೋದ್ರೆ ಪಂಪ್ ನಿಲ್ಲುತ್ತೆ. ಪಂಪ್ ನಿಂತ್ರೆ ಪೈಪಿನ ಸುತ್ತ ಮೇಣ ಗಟ್ಟಿ."

"ನೀರು ಕಾಯಿಸೋ ಕಾಯಿಲ್ ಇಟ್ಕೋಬಾರದು ಅಂತ ಎಲ್ಲರ ಹತ್ರ ಬರೆಸಿಕೊಂಡಿದೀವಲ್ಲಯ್ಯಾ."

"ನಿಮ್ಮನೇಲಿ ಇಲ್ವಾ ಸಾರ್?"

ನಮ್ಮ ಮನೆಯ ಅಟ್ಟದ ಮೇಲೂ ಒಂದು ಇತ್ತು.

ಸ್ನಾನವಾಗದೆ ಒಲೆ ಹಚ್ಚುವುದಿಲ್ಲ, ಒಲೆ ಹಚ್ಚದೆ ಕಂಬಕ್ಕೆ ಶಾಖವಿಲ್ಲ, ಕಂಬಕ್ಕೆ ಶಾಖವಿಲ್ಲದೆ ಸ್ನಾನವಿಲ್ಲ. ದೇಚಮ್ಮ ಮೇಡಂಗೆ ಫೋನ್ ಮಾಡಿ ಇದನ್ನು ಹೇಳಿದೆ. ಅವರು ಸೂರತ್ತಿನಲ್ಲಿ ಬೇರೊಂದು ಕಟ್ಟಡದ ಕೆಲಸದಲ್ಲಿದ್ದರು.

"ತಿಮ್ಮರಾಜು, ಒಂದು ಟೈಮ್‌ಟೇಬಲ್ ಮಾಡಿ. ಮಹಡಿ ಪ್ರಕಾರ ಸ್ನಾನ ಮಾಡಲಿ. ಸಿಂಪಲ್."

"ಒಪ್ತಾರಾ ಮೇಡಂ?"

"ನೀವು ಕ್ಲಿಯರ್ ಆಗಿ ಎಕ್ಸ್‌ಪ್ಲೇನ್ ಮಾಡಿದ್ರೆ ಯಾಕೆ ಒಪ್ಪಲ್ಲ?" ಎಂದರು. ಒಪ್ಪದಿದ್ದರೆ ನಾನು ಸರಿಯಾಗಿ ವಿವರಿಸಿಲ್ಲ ಎಂದಾಗುತ್ತದೆ ಎಂಬುದು ಫೋನ್ ಇಟ್ಟ ಮೇಲೆ ಹೊಳೆಯಿತು.

ಬುಧವಾರ ಸಂಜೆ ನಿವಾಸಿಗಳ ಸಭೆ ಕರೆದೆ. ಕೆಳಗಿನ ಹಾಲ್ ತುಂಬಿತ್ತು. ಕಂಬದ ಚಿತ್ರ ಬರೆದು, ಅಂಕಿಗಳನ್ನು ತೋರಿಸಿ, ಇದು ನನ್ನ ಲೆಕ್ಕದ ತಪ್ಪು ಎಂದೂ ಸೇರಿಸಿದೆ. ಆಮೇಲೆ ಟೈಮ್‌ಟೇಬಲ್ ಓದಿದೆ: ಒಂದನೇ ಮಹಡಿಯವರಿಗೆ ಎರಡು ಗಂಟೆಗೆ ಸ್ನಾನ, ಇಪ್ಪತ್ತನಾಲ್ಕನೇ ಮಹಡಿಯವರಿಗೆ ಸಂಜೆ ಏಳೂಮುಕ್ಕಾಲಿಗೆ.

ಎಲ್ಲರೂ ಮುಂದಿನ ಸಾಲಿನಲ್ಲಿದ್ದ ಶ್ರೀಕಂಠ ಶಾಸ್ತ್ರಿಗಳ ಕಡೆ ನೋಡಿದರು. ಅವರು ಮೂರನೇ ಮಹಡಿಯ ಪುರೋಹಿತರು. ಕಟ್ಟಡದ ಎಲ್ಲ ಗೃಹಪ್ರವೇಶಗಳನ್ನೂ ಮಾಡಿಸಿದವರು.

"ನೋಡಪ್ಪಾ ತಿಮ್ಮರಾಜು," ಎಂದರು ಅವರು, "ಮೋಕ್ಷ ಅನ್ನೋದು ಎಲ್ಲರಿಗೂ ಒಂದೇ ಸಲ. ಮಹಡಿ ಲೆಕ್ಕದಲ್ಲಿ ಆಗಲ್ಲ. ಅದಿರಲಿ, ಮೇಲಿನ ಟ್ಯಾಂಕ್ ವಿಷಯ ಏನು ಮಾಡಿದೀಯಾ?"

"ಟ್ಯಾಂಕ್ ಏನಾಗುತ್ತೆ ಗುರುಗಳೇ?"

"ಗ್ರಹಣದಲ್ಲಿ ಶೇಖರವಾಗಿದ್ದ ನೀರು ಬಳಸೋಹಾಗಿಲ್ಲ. ಎಲ್ಲರೂ ಮೊದಲು ಅದನ್ನ ಚೆಲ್ಲಿ ಆಮೇಲೆ ತಾನೇ ಸ್ನಾನ ಮಾಡೋದು?"

ಇನ್ನೂರ ಹದಿನಾರು ಮನೆಗಳ ಎಲ್ಲ ನಲ್ಲಿಗಳೂ ಒಟ್ಟಿಗೆ ಹರಿಯುವುದು ನನ್ನ ಕಣ್ಣಿಗೆ ಕಟ್ಟಿತು. "ಪರಿಹಾರ ಏನೂ ಇಲ್ವಾ?"

"ದರ್ಭೆ ಹಾಕಿಟ್ಟರೆ ದೋಷವಿಲ್ಲ."

"ಟ್ಯಾಂಕಿಗೆ ಎಷ್ಟು ದರ್ಭೆ?"

"ಎಷ್ಟು ಲೀಟರ್?"

"ಎಂಬತ್ತು ಸಾವಿರ."

ಶಾಸ್ತ್ರಿಗಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, "ಒಂದು ಕಟ್ಟು ಸಾಕು" ಎಂದರು. ಯಾವ ಕೋಷ್ಟಕವೂ ನನಗೆ ಅಷ್ಟು ಸಲೀಸಾಗಿ ಉತ್ತರ ಕೊಟ್ಟಿರಲಿಲ್ಲ.

ಟ್ಯಾಂಕಿನ ಗಂಡಾಂತರ ಕಳೆದರೂ ಸ್ನಾನದ್ದು ಹಾಗೇ ಉಳಿಯಿತು. ತಣ್ಣೀರು ಸ್ನಾನ ಮಾಡಬಹುದಲ್ಲ ಎಂದು ಹಲವರು ಹೇಳಿದರು. ಎಲ್ಲರೂ ಅದನ್ನು ಪಕ್ಕದವರ ಮುಖ ನೋಡಿಕೊಂಡೇ ಹೇಳಿದರು. ಲಿಲ್ಲಿಬಾಯಿ ಎದ್ದು, "ನಮ್ದು ಗ್ರಹಣ ಗಿಹಣ ಇಲ್ಲ, ನಾನು ಬೆಳಿಗ್ಗೆಯಿಂದ ಕೇಕ್ ಇಡ್ತೇನೆ" ಎಂದರು. ಇನ್ನೂ ಆರೇಳು ಮನೆಯವರು ತಾವೂ ಅಡುಗೆ ಮಾಡುತ್ತೇವೆ ಎಂದರು. ಎಲ್ಲ ಸೇರಿ ಕಂಬಕ್ಕೆ ಎರಡೇ ಅಂಕಿ ಸಿಗುತ್ತಿತ್ತು.

ಆಗ ಹತ್ತೊಂಬತ್ತನೇ ಮಹಡಿಯ ಪ್ರೊಫೆಸರ್ ಬಿಳಿಗಿರಿ ಎದ್ದರು. ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರು, ಗ್ರಹಣಭಯ ನಿವಾರಣಾ ಸಮಿತಿಯ ಸಂಚಾಲಕರು. "ನಮ್ಮ ಸಮಿತಿಯವರು ಈ ಕಟ್ಟಡದಲ್ಲಿ ಹನ್ನೊಂದು ಮನೆ ಇದೀವಿ. ಗ್ರಹಣ ಹಿಡಿದ ಹೊತ್ತಲ್ಲೇ ಗೇಟಿನ ಮುಂದೆ ನಿಂತು ಎಲ್ಲರೂ ನೋಡೋಹಾಗೆ ತಿಂತೀವಿ."

"ಏನು ಅಡುಗೆ ಮಾಡ್ತೀರಿ ಸಾರ್?" ಎಂದು ಆಸೆಯಿಂದ ಕೇಳಿದೆ.

"ಮಂಡಕ್ಕಿ."

"ಬಿಸಿಯಾದ್ದು ಏನಾದ್ರೂ?"

ಪ್ರೊಫೆಸರ್ ಹಿಂದಿನ ಸಾಲಿನಲ್ಲಿದ್ದ ತಮ್ಮ ಹೆಂಡತಿಯ ಕಡೆ ತಿರುಗಿದರು. "ನಾನು ಉಪವಾಸ" ಎಂದರು ಆಕೆ. ಉಳಿದ ಹತ್ತು ಮನೆಗಳ ಕಥೆಯೂ ಅದೇ ಎಂದು ತಿಳಿಯಿತು. ಗಂಡಸರು ವಿಚಾರವಾದಿಗಳು, ಒಲೆಗಳು ಆಚಾರದವು.

ಸಭೆ ಮುಗಿಯುವ ಹಾಗಿತ್ತು. ಕೊನೆಯಲ್ಲಿ ಕೂತಿದ್ದ ನಮ್ಮತ್ತೆ ಎದ್ದು ನಿಂತರು. ಅವರು ಇಂಥ ಕಡೆ ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

"ಶಾಸ್ತ್ರಿಗಳೇ, ಅಡುಗೆ ಮಾಡಬಾರದು ಸರಿ. ಬರೀ ನೀರು ಕಾಯಿಸಬಾರದು ಅಂತ ಎಲ್ಲಾದರೂ ಇದೆಯಾ?"

ಶಾಸ್ತ್ರಿಗಳು ಮತ್ತೆ ಕಣ್ಣು ಮುಚ್ಚಿದರು. "ನಿಷೇಧ ಕಾಣೆ" ಎಂದರು ಕಣ್ಣು ತೆರೆದು. "ದರ್ಭೆ ಇರಬೇಕು, ಅಷ್ಟೇ."

ನಾನು ಅಲ್ಲೇ ಲೆಕ್ಕ ಹಾಕಿದೆ. ಪ್ರತಿ ಮನೆಯವರೂ ಒಂದು ದೊಡ್ಡ ಪಾತ್ರೆ ನೀರನ್ನು ಒಂದು ಗಂಟೆ ಕುದಿಸಿದರೆ ಆ ಹಬೆಯನ್ನು ಚಿಮಣಿ ಎಳೆದುಕೊಂಡು ಕಂಬಕ್ಕೆ ಇಪ್ಪತ್ತು ಅಂಕಿ ಸೇರಿಸುತ್ತದೆ. ಗ್ರಹಣ ಬಿಡುವಾಗ ಎಪ್ಪತ್ತು, ಸ್ನಾನವೆಲ್ಲ ಮುಗಿದಾಗ ಇಪ್ಪತ್ತೆರಡು. ಕರೆಂಟಿನ ಮೇಲೆ ಹೊರೆ ಬೀಳದಂತೆ ಗಂಟೆಗೆ ನಾಲ್ಕೇ ಮಹಡಿ, ನಮ್ಮ ಮಹಡಿ ಕೊನೆಯ ಸರದಿಯಲ್ಲಿ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರದೂ ಆಗುತ್ತದೆ. ಸ್ನಾನಕ್ಕೆ ಮುಹೂರ್ತವಿದೆ, ನೀರು ಕಾಯಿಸಲು ಇಲ್ಲ. ಎಲ್ಲರೂ ಒಪ್ಪಿದರು. ಅಂದೇ ಸೂಚನೆಗಳನ್ನು ಅಚ್ಚು ಮಾಡಿಸಿ ಮನೆಮನೆಗೆ ಹಂಚಿದೆ: ಎಷ್ಟು ಲೀಟರ್ ಪಾತ್ರೆ, ಎಷ್ಟು ಹೊತ್ತಿಗೆ ಒಲೆ, ಚಿಮಣಿ ಯಾವ ವೇಗದಲ್ಲಿ. ಹನ್ನೆರಡು ಸೂಚನೆಗಳಿದ್ದವು. ಒಂದನ್ನು ಬರೆಯಲು ಮರೆತಿದ್ದೆ.

ಶುಕ್ರವಾರ ಬೆಳಕು ಹರಿಯುವಾಗ ಶಾಸ್ತ್ರಿಗಳೂ ನಾನೂ ತಾರಸಿ ಹತ್ತಿ ಟ್ಯಾಂಕಿಗೆ ದರ್ಭೆ ಇಳಿಬಿಟ್ಟೆವು. ಪೈಪಿಗೆ ಸಿಕ್ಕಿಕೊಳ್ಳದಿರಲಿ ಎಂದು ನಾನು ಅದನ್ನು ತಾಮ್ರದ ತಂತಿಯಿಂದ ಏಣಿಗೆ ಕಟ್ಟಿದೆ. ಕೆಳಗಿಳಿಯುವಾಗ ಅವರು ಕಂಬವನ್ನು ಮುಟ್ಟಿ, "ಇದರೊಳಗಿರೋದು ನೀರೇನಪ್ಪಾ?" ಎಂದರು.

"ಅಲ್ಲ ಗುರುಗಳೇ. ಉಪ್ಪುಮೇಣ."

"ನಮ್ಮ ಗ್ರಂಥಗಳಲ್ಲಿ ಇಲ್ಲ. ಯಾವುದಕ್ಕೂ ಒಂದು ಕಡ್ಡಿ ಇರಲಿ."

ಕಂಟ್ರೋಲ್ ರೂಮಿಗೆ ಬಂದು ಬಿಸಿನೀರಿನ ಮುಖ್ಯ ವಾಲ್ವಿನ ಕೆಂಪು ಚಕ್ರಕ್ಕೆ ಒಂದು ಕಡ್ಡಿ ಸಿಕ್ಕಿಸಿದೆ. ಇಮ್ತಿಯಾಜ್ ಅದನ್ನು ನೋಡಿ, ಕೆಲಸದ ಡೈರಿಯಲ್ಲಿ 'ವಾಲ್ವಿಗೆ ಹುಲ್ಲು, ಒಂದು' ಎಂದು ಬರೆದುಕೊಂಡ.

ಆರು ಗಂಟೆಗೆ ಬೋರ್ಡಿನಲ್ಲಿ ೫೬ ಇತ್ತು. ಮೊದಲ ಸರದಿಯ ನಾಲ್ಕು ಮಹಡಿಗಳ ಒಲೆ ಹೊತ್ತಿಕೊಂಡವು. ಏಳಾಯಿತು, ಎಂಟಾಯಿತು. ಅಂಕಿ ೫೭ ಆಯಿತು. ಹನ್ನೊಂದೂಮುಕ್ಕಾಲಿಗೆ ಅದು ೭೦ರ ಹತ್ತಿರ ಇರಬೇಕಿತ್ತು; ೬೧ ಇತ್ತು.

"ಮೀಟರ್ ಸರಿ ಇದೆಯಾ?"

"ಮೀಟರ್ ಸರಿ ಇದೆ ಸಾರ್. ಒಲೆಗಳಿಗೆ ಕರೆಂಟ್ ಖರ್ಚಾಗಿದೆ, ಶಾಖ ಬಂದಿಲ್ಲ."

ಮನೆಗೆ ಓಡಿದೆ. ಕಿಟಕಿಯಾಚೆ 'ಮಧ್ಯಾಹ್ನ' ಎಂಬ ಮಾತೇ ಸುಳ್ಳೆನ್ನುವಂಥ ಮಂಕು ಬೆಳಕು. ಅಡುಗೆಮನೆಯಲ್ಲಿ ನಮ್ಮ ಹತ್ತು ಲೀಟರಿನ ಪಾತ್ರೆ ಒಲೆಯ ಮೇಲಿತ್ತು. ಪಾತ್ರೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ದರ್ಭೆ, ದರ್ಭೆ ಹಾರದಿರಲೆಂದು ಅದರ ಮೇಲೆ ಕುಟ್ಟಾಣಿ.

"ಅತ್ತೆ, ಮುಚ್ಚಿದೀರಲ್ಲ."

"ಮತ್ತೆ? ಗ್ರಹಣದ ಹೊತ್ತಲ್ಲಿ ಪಾತ್ರೆ ಬಾಯಿ ತೆರೆದಿಡ್ತಾರಾ?"

ಹಬೆಯೆಲ್ಲ ತಟ್ಟೆಗೆ ತಾಗಿ ನೀರಾಗಿ ಒಳಗೇ ಬೀಳುತ್ತಿತ್ತು. ಚಿಮಣಿ ಬರಿಯ ಗಾಳಿ ಕುಡಿಯುತ್ತಿತ್ತು. ಇನ್ನೂರ ಚಿಲ್ಲರೆ ಮನೆಗಳಲ್ಲಿ ಇದೇ ಆಗಿರಬೇಕು. ಪಾತ್ರೆಗೆ ಮುಚ್ಚಳ ಹಾಕಬೇಡಿ ಎಂದು ನಾನು ಬರೆದಿರಲಿಲ್ಲ. ಬರೆಯಬೇಕೆಂದು ಹೊಳೆದೇ ಇರಲಿಲ್ಲ, ಏಕೆಂದರೆ ನಾನೇ ಆಗಿದ್ದರೂ ಮುಚ್ಚಿಡುತ್ತಿದ್ದೆ. ಈಗ ಮೈಕಿನಲ್ಲಿ ಹೇಳಿದರೂ ಗ್ರಹಣ ಹಿಡಿದಿರುವಾಗ ಯಾರೂ ತೆಗೆಯುವುದಿಲ್ಲ. ಅತ್ತೆಗೆ ತಟ್ಟೆ ತೆಗೆಯಿರಿ ಎನ್ನುವ ಧೈರ್ಯ ನನಗೂ ಬರಲಿಲ್ಲ.

"ಯಾಕೆ, ಏನಾಯ್ತು ಅಳಿಯಂದ್ರೇ?"

"ಏನಿಲ್ಲ ಅತ್ತೆ. ಕುದೀಲಿ."

ಒಂದು ಐವತ್ತೈದಕ್ಕೆ ಮೂರನೇ ಮಹಡಿಯಿಂದ ಶಾಸ್ತ್ರಿಗಳ ಗಂಟೆ ಕೇಳಿಸಿತು. ಬೋರ್ಡಿನಲ್ಲಿ ೬೦. ಅದರಿಂದ ನಲವತ್ತೆಂಟು ಕಳೆದರೆ ಹನ್ನೆರಡು ಎಂಬುದಕ್ಕೆ ಸಂಜೆ ಕಾಲೇಜೂ ಬೇಕಿಲ್ಲ. ತಲೆಯ ಮೇಲಿನ ಪೈಪುಗಳು ಒಮ್ಮೆಲೇ ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿದವು.

"ಶುರುವಾಯ್ತು ಸಾರ್."

೫೪. ೪೭. ದೇಚಮ್ಮ ಮೇಡಂ ಫೋನಿನಲ್ಲಿದ್ದರು. "ಇಪ್ಪತ್ತೊಂದಕ್ಕೆ ಬಂದ ಕೂಡಲೇ ವಾಲ್ವು ಮುಚ್ಚಿ ತಿಮ್ಮರಾಜು. ಕಾಯಿಲ್ ವಿಷಯ ಆಮೇಲೆ ನೋಡೋಣ. ಪ್ಲೀಸ್, ಯೋಚನೆ ಮಾಡ್ತಾ ನಿಲ್ಲಬೇಡಿ."

೩೯ಕ್ಕೆ ಬಂದಾಗ ನಾನು ಇಮ್ತಿಯಾಜ್‌ಗೆ ಲಿಫ್ಟುಗಳನ್ನು ಹತ್ತಿರದ ಮಹಡಿಗೆ ತಂದು ನಿಲ್ಲಿಸಲು ಹೇಳಿದೆ. ಸ್ನಾನ ಮುಗಿದವರು ಒಟ್ಟಿಗೆ ಒಲೆ ಹಚ್ಚಿದರೆ ಕರೆಂಟು ಸಾಲಬೇಕಲ್ಲ. ಎರಡು ನಿಮಿಷದಲ್ಲಿ ಒಳಗಿನ ಫೋನ್ ಹೊಡೆದುಕೊಂಡಿತು.

"ನಾನು ಬಿಳಿಗಿರಿ. ನನ್ನನ್ನ ಎಂಟನೇ ಮಹಡೀಲಿ ಇಳಿಸಿ ಲಿಫ್ಟ್ ಸತ್ತುಹೋಗಿದೆ. ನನ್ನ ಮನೆ ಹತ್ತೊಂಬತ್ತು."

"ಸ್ವಲ್ಪ ಹೊತ್ತು ಸಾರ್. ಲೋಡ್ ಜಾಸ್ತಿ ಇದೆ."

"ಇದು ಮೂಢನಂಬಿಕೆಯ ಲೋಡ್ ಕಣ್ರೀ."

"ಹೌದು ಸಾರ್. ಮಂಡಕ್ಕಿ ಉಳಿದಿದೆಯಾ?"

"ಇದೆ."

"ತಿಂತಾ ಇರಿ ಸಾರ್."

೩೧. ೨೭. ಯಾವ ಮನೆಯ ಒಲೆ ಹೊತ್ತಿದೆ ಎಂದು ತೋರಿಸುವ ಬೋರ್ಡಿನ ದೀಪಗಳು ಇನ್ನೂ ಕಪ್ಪಗಿದ್ದವು. ಕೆಂಪು ಚಕ್ರದ ಮೇಲೆ ನನ್ನ ಎರಡೂ ಕೈಗಳಿದ್ದವು. ೨೪. ಮುಚ್ಚಿದರೆ ಸೋಪು ಹಚ್ಚಿಕೊಂಡವರೆಲ್ಲ ಹಾಗೇ ನಿಲ್ಲುತ್ತಾರೆ, ಕಾಯಿಲ್‌ಗಳು ಇಳಿಯುತ್ತವೆ. ಮುಚ್ಚದಿದ್ದರೆ ಐದು ನಿಮಿಷದಲ್ಲಿ ಕಂಬ ಹೋಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಏನು ಹೇಳಿರಬಹುದು ಎಂದು ನೆನಪಿಸಿಕೊಳ್ಳಲು ನೋಡಿದೆ. ಪುಸ್ತಕದ ಬದಲು ನಮ್ಮಮ್ಮ ನೆನಪಾದರು. ಗ್ರಹಣದ ದಿನ ನಮ್ಮನ್ನೆಲ್ಲ ಬಚ್ಚಲ ಹೊರಗೆ ನಿಲ್ಲಿಸಿ ಮೊದಲು ಅವರು ಸ್ನಾನ ಮಾಡುತ್ತಿದ್ದರು. ಎಲ್ಲರಿಗಿಂತ ಮೊದಲು. ಆಮೇಲೆ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ನೇರವಾಗಿ ಒಲೆಯ ಮುಂದೆ.

"ಇಮ್ತಿಯಾಜ್, ಯಾರ ಮನೇಲಿ ಆದ್ರೂ ಈಗ ಮೊದಲು ಸ್ನಾನ ಮಾಡಿರೋರು ಯಾರು?"

"ಯಾರು ಸಾರ್?"

"ಅಡುಗೆ ಮಾಡೋರು. ಎಲ್ಲರೂ ನಿನ್ನೆ ರಾತ್ರಿಯಿಂದ ಹಸಿದಿದಾರೆ. ಅಡುಗೆ ಮಾಡೋರನ್ನ ಮೊದಲು ಬಚ್ಚಲಿಗೆ ಕಳಿಸಿರ್ತಾರೆ."

"ಇಪ್ಪತ್ತೆರಡು ಸಾರ್."

"ತಿಮ್ಮರಾಜು, ಮುಚ್ಚಿ" ಎಂದಿತು ಫೋನು.

"ಸ್ವಲ್ಪ ತಡೀರಿ ಮೇಡಂ."

ನಾನು ಅವರ ಮಾತು ಮೀರಿದ್ದು ಅದೇ ಮೊದಲು. ಕೈ ಚಕ್ರದ ಮೇಲೇ ಇತ್ತು.

"ಎಷ್ಟು ಹೊತ್ತು ತಡೀಬೇಕು ಸಾರ್?" ಎಂದ ಇಮ್ತಿಯಾಜ್. ಅವನ ದನಿಯಲ್ಲಿ ಗಾಬರಿ ಕೇಳಿದ್ದೂ ಅದೇ ಮೊದಲು.

"ನಮ್ಮತ್ತೆ ತಲೆ ಒರೆಸಿಕೊಳ್ಳೋಷ್ಟು ಹೊತ್ತು."

೨೧. ಹದಿನಾಲ್ಕನೇ ಮಹಡಿಯ ಸಾಲಿನಲ್ಲಿ ಒಂದು ದೀಪ ಹತ್ತಿಕೊಂಡಿತು. ನಮ್ಮ ಮನೆಯದಲ್ಲ, ಪಕ್ಕದ್ದು. ಆಮೇಲೆ ಎರಡನೇ ಮಹಡಿಯಲ್ಲಿ ಎರಡು, ಇಪ್ಪತ್ತರಲ್ಲಿ ನಾಲ್ಕು. ಆಮೇಲೆ ಎಣಿಸಲಾಗಲಿಲ್ಲ. ದೀಪಗಳ ಹಿಂದೆಯೇ ಚಿಮಣಿಗಳ ಶಾಖ ತೋರಿಸುವ ಮುಳ್ಳುಗಳು ಒಟ್ಟಿಗೆ ಮೇಲಕ್ಕೆ ಜಿಗಿದವು. ಒಲೆ ಹಚ್ಚಿದ ಕೂಡಲೇ ಇಷ್ಟೊಂದು ಶಾಖ ಬರಲು ಸಾಧ್ಯವಿಲ್ಲವೆಂದು ಒಂದು ಕ್ಷಣ ಮೀಟರನ್ನೇ ಅನುಮಾನಿಸಿದೆ. ಆಮೇಲೆ ತಿಳಿಯಿತು. ಬೆಳಗಿನಿಂದ ಕುದಿದು ಮುಚ್ಚಳದ ಕೆಳಗೆ ಕೂತಿದ್ದ ಆ ನೀರನ್ನು ಇನ್ನೂರು ಮನೆಗಳವರು ಅನ್ನಕ್ಕೆ ಎಸರು ಮಾಡಿಕೊಂಡಿದ್ದರು. ಅಕ್ಕಿ ಹಾಕಲು ಎಲ್ಲರೂ ಒಟ್ಟಿಗೆ ತಟ್ಟೆ ತೆಗೆದಿದ್ದರು. ಶಾಖ ಎಲ್ಲೂ ಹೋಗಿರಲಿಲ್ಲ.

ಬೋರ್ಡು ೨೦.೪ ತೋರಿಸಿ, ಬಹಳ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ೨೦.೫ ಆಯಿತು.

ಇಮ್ತಿಯಾಜ್ ಮುಖ ಒರೆಸಿಕೊಂಡು ಡೈರಿಯಲ್ಲಿ ಸಮಯ ಬರೆದ. ಮೇಡಂ ಫೋನಿನಲ್ಲಿ, "ಇದನ್ನ ರಿಪೋರ್ಟಲ್ಲಿ ಹೇಗೆ ಬರೀತೀರಿ?" ಎಂದರು.

"ಗೊತ್ತಿಲ್ಲ ಮೇಡಂ" ಎಂದೆ. ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಮೂರು ಗಂಟೆಗೆ ೨೬ ಆದ ಮೇಲೆ ಲಿಫ್ಟುಗಳನ್ನು ಬಿಡಬಹುದು ಎಂದು ಹೇಳಿ, ಬಿಟ್ಟ ಕೂಡಲೇ ಎಲ್ಲರೂ ಹತ್ತಿಬಿಟ್ಟರೆ ಎಂಬ ಭಯದಿಂದ ನಾನು ಮೆಟ್ಟಿಲು ಹತ್ತಿದೆ. ಎಂಟನೇ ಮಹಡಿಯಲ್ಲಿ ಪ್ರೊಫೆಸರ್ ಕಾಣಲಿಲ್ಲ. ಮಂಡಕ್ಕಿಯ ಪೊಟ್ಟಣ ಲಿಫ್ಟಿನ ಬಾಗಿಲಲ್ಲಿತ್ತು. ಒಂದು ಮನೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಅವರು ಬೇರೆ ಯಾರದೋ ಪಂಚೆ ಉಟ್ಟು, ಒದ್ದೆ ತಲೆಯಲ್ಲಿ, ಎಲೆಯ ಮುಂದೆ ಕೂತಿದ್ದರು. ನನ್ನನ್ನು ಕಂಡು, "ಸ್ನಾನ ಮಾಡದೆ ಊಟಕ್ಕೆ ಬಡಿಸಲ್ಲ ಅಂದ್ಬಿಟ್ರು" ಎಂದರು. ನಾನು ಕೈಮುಗಿದು ಮುಂದೆ ಹತ್ತಿದೆ.

ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳುತ್ತಿತ್ತು. "ಕಟ್ಟಡದಲ್ಲಿ ಸ್ನಾನ ಆಗದೆ ಇರೋರು ನೀವೊಬ್ರೇ" ಎಂದು ವನಜಾಕ್ಷಿ ಟವೆಲು ಕೈಗಿಟ್ಟಳು. ಬಚ್ಚಲಿಗೆ ಹೋಗಿ ಬಿಸಿನೀರಿನ ನಲ್ಲಿಗೆ ಕೈ ಹಾಕಿದೆ. ಒಂದು ಸ್ನಾನಕ್ಕೆ ಎಷ್ಟು ಅಂಕಿ ಎಂದು ಲೆಕ್ಕ ಹಾಕಿದೆ. ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಕಂಬಕ್ಕೆ ಏನೂ ಆಗುವುದಿಲ್ಲ ಎಂದು ಖಾತ್ರಿಯಾಯಿತು. ಎರಡನೇ ಸಲವೂ ಲೆಕ್ಕ ಹಾಕಿ ಖಾತ್ರಿ ಮಾಡಿಕೊಂಡೆ. ಆಮೇಲೆ ಪಕ್ಕದ ನಲ್ಲಿ ತಿರುಗಿಸಿ, ಕಣ್ಣು ಮುಚ್ಚಿ, ಮೊದಲ ಚೊಂಬು ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡೆ.

"ಅಳಿಯಂದ್ರೇ," ಎಂದು ಅತ್ತೆ ಬಾಗಿಲಾಚೆಯಿಂದ ಕೇಳಿದರು, "ಬಿಸಿನೀರು ಚೆನ್ನಾಗಿ ಬರ್ತಿದೆಯಾ?"

"ಬರ್ತಿದೆ ಅತ್ತೆ" ಎಂದೆ, ಹಲ್ಲು ಕಚ್ಚಿಕೊಂಡು. "ತುಂಬಾ ಚೆನ್ನಾಗಿ ಬರ್ತಿದೆ."